ಬಹುಶಃ ಹೊರಾಂಗಣ

ನಲವತ್ತೊಂದು ಮಂದಿ ಹೃದಯ ಒತ್ತಿ ಮುಂದೆ ಹೋದರು.
ನಲವತ್ತೆರಡನೆಯವನು ಫೋನು ಮಾಡಿದ, ಕಲಬುರಗಿಯಿಂದ.
"ಗುರುಬಾಯಿ, ‘ನಮ್ಮ ಶಹಾಪುರದ ಸಂಜಿ’ ಅಂತ ಹಾಕೀದಿ.
ನನ್ನ ಫೋನು ಓದಿದ್ದು ಇಷ್ಟೇ ನೋಡು:
ಚಿತ್ರ. ಬಹುಶಃ ಆಕಾಶ. ಬಹುಶಃ ಹೊರಾಂಗಣ.
ಸಂಜಿ ಮನಿ ಒಳಗ ಆಗ್ತದೇನು, ಹುಚ್ಚಿ?"

ಮೌನೇಶ. ಹೆಸರಿಗಷ್ಟೇ ಮೌನ.
ಬ್ಯಾಂಕಿನ ಟೆಲಿಫೋನಿನ ಹಿಂದೆ ಕೂತು
ದನಿ ಕೇಳಿಯೇ ಯಾರ ಸಾಲ ಎಷ್ಟೆಂದು ಅಳೆಯುವವನು.
ಬಿ.ಎ.ಗೆ ಪಾಠ ಓದಿ ಹೇಳುತ್ತಿದ್ದವಳು ನಾನು,
ಪಾಸಾಗುತ್ತಿದ್ದವನು ಅವನು,
ನನಗೆ ಇತಿಹಾಸ ಒಂದು ಬಾಕಿ ಉಳಿಯುತ್ತಿತ್ತು.
ಪುಟದಲ್ಲಿ ಚಿತ್ರ ಬಂದರೆ
"ಇಲ್ಲೊಂದು ಚಿತ್ರ ಅದ" ಎಂದು ದಾಟಿಸಿಬಿಡುತ್ತಿದ್ದೆ.
ಮೂರು ವರ್ಷ. ಒಮ್ಮೆಯೂ ಅವನು ಕೇಳಿರಲಿಲ್ಲ.

ಬರೆದೆ: ಸುಂದರ ಬೆಟ್ಟ, ರಮಣೀಯ ಇಳಿಸಂಜೆ.
"ಇದು ಲಗ್ನಪತ್ರಿಕಿ ಭಾಷಾ ಆಯ್ತು.
ಸುಂದರ ಹೌದೋ ಅಲ್ಲೋ ಅದು ನಾ ನೋಡ್ಕೋತೀನಿ.
ಏನೇನದ, ಅಷ್ಟು ಹೇಳು."

ನಾ ನೋಡ್ಕೋತೀನಿ, ಅಂದ.
ನಾನು ನನ್ನದೇ ಚಿತ್ರವನ್ನು ನೋಡಲು ಕೂತೆ.

ಎರಡು ಬೆರಳಿಂದ ಹಿಗ್ಗಿಸಿದರೆ
ಆಕಾಶಕ್ಕೆ ಅಡ್ಡ ಕರೆಂಟಿನ ಮೂರು ತಂತಿ,
ತಂತಿಗೆ ಸಿಕ್ಕ ಗಾಳಿಪಟದ ಬಾಲ,
ಜಾಲಿಕಂಟಿಯ ಮೇಲೆ ಯಾರೋ ಒಣಹಾಕಿದ ಹಸಿರು ದುಪಟ್ಟಾ.
ನೀರಿನ ಟ್ಯಾಂಕರಿನ ಅಡಿಯಲ್ಲಿ ನಾಯಿ.
ಮತ್ತು, ಚಪ್ಪಲಿ ಕೈಯಲ್ಲಿ ಹಿಡಿದು
ಬರಿಗಾಲಲ್ಲಿ ಓಡುತ್ತಿರುವ ಒಬ್ಬ ಹುಡುಗ.
ಇವನು ಯಾವಾಗ ಬಂದ?

ಅಂಗಿಯ ತೋಳು ಹರಿದದ್ದು ಬರೆಯಲೇ?
ಬರೆದೆ. ಅಳಿಸಿದೆ. ಚಪ್ಪಲಿ ಉಳಿಸಿದೆ.
ಅವನ ಓಟಕ್ಕೆ ಚಪ್ಪಲಿ ಬೇಕು, ಹರಕು ಬೇಡ ಅನ್ನಿಸಿತು.
ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ.

ಉಳಿದದ್ದು ಬೆಟ್ಟ.
ಮಲಗಿದ ಬುದ್ಧ, ಎಂದು ಬರೆದು ಕೈ ತಡೆದೆ.
ಅಲ್ಲಿರುವುದು ಕಲ್ಲು, ಕುರುಚಲು, ಮುಗಿಲಿನ ಬುಡಕ್ಕೆ ಒಂದು ಗೆರೆ.
ಸೇಡಂನಿಂದ ವರ್ಗವಾಗಿ ಬಂದು
ಆರು ತಿಂಗಳು ದಿನಾ ಅದರ ಎದುರಿಗೇ ಬಸ್ಸಿಳಿದೆ,
ಬುದ್ಧ ಕಾಣಲಿಲ್ಲ.
ಒಂದಿನ ಆಟೋದ ಸಾಯಬಣ್ಣ ಹ್ಯಾಂಡಲ್ ಬಿಟ್ಟು
ಗಾಳಿಯಲ್ಲಿ ಬೆರಳಾಡಿಸಿದ:
"ಅಗೋ, ಹಣಿ. ಅದು ಮೂಗು ನೋಡ್ರಿ. ಗದ್ದ.
ಹಂಗೇ ಇಳೀರಿ, ಎದಿ. ಆ ತುದಿಗಿ ಪಾದ."
ಅವನು ಹೇಳಿದ ಮೇಲೆಯೇ ಬುದ್ಧ ಬಂದು ಮಲಗಿದ್ದು.
ಎರಡೂ ಕಣ್ಣಿದ್ದ ನಾನು ಕೇಳಿ ಕಂಡವಳು.

ಸಾಯಬಣ್ಣನ ಬೆರಳು ಹೋದ ದಾರಿಯಲ್ಲೇ ಅಕ್ಷರ ನಡೆಸಿದೆ,
ಬಿಸಿಲು ಹಣೆಗೆ ಬಿದ್ದಿದೆ, ಎದೆಯ ಮೇಲೆ ಕುರುಚಲು,
ಪಾದದ ಹತ್ತಿರ ಗೆರೆ ಸವೆದು ಹೊಲವಾಗುತ್ತದೆ, ಎಂದು.

ರಾತ್ರಿ ಒಂಬತ್ತೂವರೆಗೆ ಮತ್ತೆ ಫೋನು.
"ಹೊರಸಿನ ಮ್ಯಾಲ ಅಂಗಾತ ಮಲಗೀನಿ.
ಹಣಿ ಮ್ಯಾಲ ಕೈ ಇಟ್ಕೊಂಡೀನಿ. ಫೋನಿನ ದನಿ ಬ್ಯಾಡ,
ನೀನೇ ಓದು, ಸಾವಕಾಶ."
ಓದಿದೆ. ಆ ಕಡೆ
ಬೆರಳು ಗಡ್ಡಕ್ಕೆ ಉಜ್ಜುವ ಸಪ್ಪಳ.
"ಮೂಗು ನಂದೇ ದೊಡ್ಡದದ," ಅಂದ.
"ಎದಿ ಮ್ಯಾಲ ಕುರುಚಲ ಅಂದಿ. ನನಗೂ ಅದ."
ಆಮೇಲೆ ಬಹಳ ಹೊತ್ತು ಹೆಸರಿಗೆ ತಕ್ಕಂತೆ ಇದ್ದ.

"ಒಂದು ಬಿಟ್ಟೀದಿ. ನೀ ಎಲ್ಲಿದ್ದಿ?"
ನಾನು ಚಿತ್ರದಾಗ ಇಲ್ಲೋ, ತಗದಾಕಿ ನಾನು.
"ಬಿಸಲು ಬೆಟ್ಟದ ಹಣಿಗಿ ಬಿದ್ದದ ಅಂದಿ.
ಅಂದ್ರ ಹೊತ್ತು ನಿನ್ನ ಬೆನ್ನಿಗಿತ್ತು.
ನೆಳ್ಳು ಎಲ್ಲಿ ಹೋಯ್ತು?"

ಮತ್ತೆ ಹಿಗ್ಗಿಸಿದೆ.
ತಿದ್ದುಪಡಿ ಒತ್ತಿ, ಕೊನೆಗೆ ಸೇರಿಸಿದೆ:
ಕೆಳಗೆ, ಮಣ್ಣಿನ ಮೇಲೆ, ಫೋನು ಎತ್ತಿ ಹಿಡಿದ
ಹೆಂಗಸೊಬ್ಬಳ ಉದ್ದ ನೆರಳು.
ನೆರಳಿನ ತಲೆ, ಓಡುವ ಹುಡುಗನ
ಬರಿಗಾಲಿನ ಕೆಳಗೆ.